ಷರಾ ಅಂಕಣದಲ್ಲಿ ಬರೆದದ್ದು

ತಿಥಿ ಮುಗಿದು ನಾಲ್ಕು ದಿನವಾಗಿತ್ತು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಮೇಡಂ ಮೇಜಿನ ಹತ್ತಿರ ಬಂದು, "ಬೈಕ್ ತಂದಿದ್ದೀಯೇನಪ್ಪ?" ಎಂದರು. ಸಾಹೇಬರಿಗೆ ಹೇಳಿ ಹೊರಟೆವು. ಹನ್ನೆರಡು ಕಿಲೋಮೀಟರ್ ಆಚೆಯ ಊರು, ಅರ್ಧ ದಾರಿ ಮಣ್ಣಿನದು. ದಾರಿಯುದ್ದಕ್ಕೂ ಅವರು ಒಂದು ಬಟ್ಟೆಚೀಲವನ್ನು ಎದೆಗವಚಿ ಹಿಡಿದುಕೊಂಡಿದ್ದರು. ಅದರಲ್ಲಿ ಸೇವಾ ವಹಿ ಇರಲಿಲ್ಲ. ಅದನ್ನು ಕಚೇರಿಯಿಂದಾಚೆ ಒಯ್ಯಲು ಅವರು ಎಂದೂ ಒಪ್ಪಿದವರಲ್ಲ. ಅದರ ಮೊದಲ ಪುಟವನ್ನೂ ನಾಮನಿರ್ದೇಶನದ ಪುಟವನ್ನೂ ಹಿಂದಿನ ಸಂಜೆ ಕೂತು ಕೈಯಲ್ಲೇ ನಕಲು ಮಾಡಿಕೊಂಡಿದ್ದರು. ಜೊತೆಗೆ ಕುಟುಂಬ ಪಿಂಚಣಿಯ ನಮೂನೆಗಳು, ಒಂದು ಸ್ಟಾಂಪ್ ಪ್ಯಾಡು, ಎರಡು ಪೆನ್ನು.

ತೀರಿಕೊಂಡವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಇನ್ನೂ ಐವತ್ತಾಗಿರಲಿಲ್ಲ. "ತಿಥಿ ಮೊನ್ನೆ ತಾನೆ ಆಗಿದೆ, ಆಗಲೇ ಕಾಗದ ಪತ್ರ ಹಿಡ್ಕೊಂಡು ಬಂದ್ರಲ್ಲ" ಎಂದು ಮನೆಯ ಹಿರಿಯರೊಬ್ಬರು ಹುಬ್ಬು ಗಂಟಿಕ್ಕಿದರು. ಮೇಡಂ ಅವರಿಗೆ ಕೈಮುಗಿದರು, ಎದುರುತ್ತರ ಕೊಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೇಷ್ಟ್ರ ಹೆಂಡತಿಯ ಪಕ್ಕ ಚಾಪೆಯ ಮೇಲೆ ಕೂತರು.

"ನಾನು ಮೇಷ್ಟ್ರ ಆಫೀಸಿನವಳಮ್ಮ. ಈಗ ಯಾವುದೂ ಬೇಡ ಅನ್ಸತ್ತೆ ನಿಮಗೆ. ನಂಗೂ ಹಂಗೇ ಅನ್ಸಿತ್ತು. ನಾನು ಓದ್ತಾ ಹೋಗ್ತೀನಿ, ನೀವು ಕೇಳಿಸ್ಕೊಳ್ಳಿ. ಅರ್ಥ ಆಗದೆ ಯಾವುದಕ್ಕೂ ಸಹಿ ಹಾಕಬೇಡಿ. ಖಾಲಿ ಹಾಳೆಗೆ ಮಾತ್ರ ಯಾರು ಕೇಳಿದ್ರೂ ಹಾಕಬೇಡಿ. ನಾನು ಕೇಳಿದ್ರೂ."

ಒಂದೂವರೆ ಗಂಟೆ ಕೂತರು. ಆಕೆಯ ಹೆಸರಿನ ಕೊನೆಗೆ ಸೇವಾ ವಹಿಯಲ್ಲಿ 'ಅಮ್ಮ' ಇತ್ತು, ಪಡಿತರ ಚೀಟಿಯಲ್ಲಿ ಇರಲಿಲ್ಲ. ಎರಡಕ್ಷರದ ಆ ವ್ಯತ್ಯಾಸಕ್ಕೆ ಎಷ್ಟು ತಿಂಗಳು ತಿನ್ನುವ ಶಕ್ತಿ ಇದೆಯೆಂದು ಆ ಮನೆಯಲ್ಲಿ ಮೇಡಂ ಒಬ್ಬರಿಗೇ ಗೊತ್ತಿತ್ತು. ಇಬ್ಬರೂ ಒಬ್ಬರೇ ಎಂಬುದಕ್ಕೆ ಯಾವ ದಾಖಲೆ, ಯಾರಿಂದ, ಎಷ್ಟು ಪ್ರತಿ ಎಂದು ದೊಡ್ಡ ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಟ್ಟರು. ಅನುಕಂಪದ ನೌಕರಿಗೆ ಅರ್ಜಿ ಹಾಕುವುದಾದರೆ ಒಂದು ವರ್ಷದೊಳಗೆ ಹಾಕಬೇಕು ಎಂದು ಅಡಿಗೆರೆ ಎಳೆದರು. 1996ರ ನಿಯಮ ಹಾಗೆ ಹೇಳುತ್ತದೆ, ಬಹಳ ಜನರಿಗೆ ಅದು ಗೊತ್ತಾಗುವುದು ಹದಿಮೂರನೆಯ ತಿಂಗಳಿನಲ್ಲಿ. ಎದ್ದು ಬರುವಾಗ ಬಾಗಿಲಲ್ಲಿ ನಿಂತು, "ಪಾಸ್‌ಬುಕ್ ನಿಮ್ಮ ಹೆಸರಲ್ಲೇ ಇರಲಿ, ನಿಮ್ಮ ಕೈಯಲ್ಲೇ ಇರಲಿ" ಎಂದರು. ಅದನ್ನು ಮನೆಯವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು.

ಪತ್ರಿಕೆಗೆ ಬರುವ ಮೊದಲು ನಾನು ಮೂರು ವರ್ಷ ಒಂದು ತಾಲ್ಲೂಕು ಮಟ್ಟದ ಶಿಕ್ಷಣ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಗುಮಾಸ್ತ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ನೆನಪಾಗುವುದು ಆ ಬಟ್ಟೆಚೀಲ.

ಮೇಡಂ ಕೂಡ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನೌಕರಿಗೆ ಬಂದವರು. ಎರಡು ವರ್ಷದ ಮಗುವನ್ನು ತಾಯಿಯ ಹತ್ತಿರ ಬಿಟ್ಟು ತಾವೊಬ್ಬರೇ ಏಳು ತಿಂಗಳು ಕಚೇರಿ ಸುತ್ತಿದ್ದರಂತೆ. ಹೋದಾಗಲೆಲ್ಲ ಒಂದೊಂದು ಹೊಸ ಕಾಗದ ಕೇಳುತ್ತಿದ್ದರಂತೆ. ಆ ಕಚೇರಿ ಯಾವುದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. "ಏನೇನು ಬೇಕು ಅಂತ ಮೊದಲನೇ ದಿನವೇ ಒಂದು ಚೀಟೀಲಿ ಬರೆದುಕೊಟ್ಟಿದ್ರೆ ಆಗ್ತಿತ್ತು ಕಣಪ್ಪ" ಎಂದಷ್ಟೇ ಒಮ್ಮೆ ಹೇಳಿದ್ದರು. ಅವರು ವೃತ್ತಿಯುದ್ದಕ್ಕೂ ಬರೆದುಕೊಟ್ಟದ್ದು ಆ ಚೀಟಿಯನ್ನೇ.

ಅನುಕಂಪದಲ್ಲಿ ಬಂದವರನ್ನು ಕಚೇರಿಗಳು ಸ್ವಲ್ಪ ಕೆಳಗಿಟ್ಟೇ ನೋಡುತ್ತವೆ. ಪರೀಕ್ಷೆ ಬರೆದು ಬಂದವರಲ್ಲ ಎಂಬ ಮಾತು ಬೆನ್ನ ಹಿಂದೆ ಓಡಾಡುತ್ತದೆ. ಮೇಡಂ ಇದಕ್ಕೆ ಜಗಳ ಆಡಲಿಲ್ಲ. ಲೋಕಸೇವಾ ಆಯೋಗದ ಇಲಾಖಾ ಪರೀಕ್ಷೆಗಳನ್ನು, ಅಕೌಂಟ್ಸ್ ಹೈಯರ್, ಜನರಲ್ ಲಾ ಎಲ್ಲವನ್ನೂ, ಮಗು ಮಲಗಿದ ಮೇಲೆ ಓದಿ ಮುಗಿಸಿದರು. ಕರ್ನಾಟಕ ನಾಗರಿಕ ಸೇವಾ ನಿಯಮಗಳು 1958ರವು, ದಪ್ಪ ಪುಸ್ತಕ. ಅದರ ಅವರ ಪ್ರತಿಯಲ್ಲಿ ತಿದ್ದುಪಡಿಯ ಚೀಟಿಗಳು ಎಷ್ಟು ಅಂಟಿದ್ದವೆಂದರೆ ಪುಸ್ತಕ ಮುಚ್ಚುತ್ತಲೇ ಇರಲಿಲ್ಲ. "ಅನುಕಂಪದ ಮೇಲೆ ಬಂದದ್ದು ಆರ್ಡರ್ ಮಾತ್ರ. ಕೆಲಸ ಅಲ್ಲ" ಎನ್ನುತ್ತಿದ್ದರು. ಆ ಮಾತಿನಲ್ಲಿದ್ದ ಹೆಮ್ಮೆಯನ್ನು ನಾನು ದೊಡ್ಡ ದೊಡ್ಡ ಸಂಗೀತಗಾರರ ಮಾತಿನಲ್ಲೂ ಕೇಳಿದ್ದೇನೆ.

ಅವರು ನನಗೆ ಕಲಿಸಿದ ಮೊದಲ ಪಾಠ ಟಿಪ್ಪಣಿ ಬರೆಯುವುದು. ಹೊರಗಿನವರಿಗೆ ಕಡತವೆಂದರೆ ದಾರ ಕಟ್ಟಿದ ಕಾಗದದ ಕಂತೆ. ಒಳಗೆ ಅದಕ್ಕೊಂದು ಅಂಗರಚನೆ ಇದೆ. ಬಂದ ಪತ್ರ, ಹೋದ ಪತ್ರಗಳದ್ದು ಒಂದು ಭಾಗ. ಆ ಪತ್ರಗಳ ಬಗ್ಗೆ ಕಚೇರಿ ತನ್ನೊಳಗೇ ಮಾತಾಡಿಕೊಂಡದ್ದು ಇನ್ನೊಂದು ಭಾಗ, ಅದು ಟಿಪ್ಪಣಿ ಹಾಳೆ. ಪ್ರತಿ ಪುಟಕ್ಕೆ ಸಂಖ್ಯೆ, ಪ್ರತಿ ಕಂಡಿಕೆಗೆ ಸಂಖ್ಯೆ. ವಿಷಯ ನಿರ್ವಾಹಕ ಮೊದಲು ಬರೆಯುತ್ತಾನೆ: ಕೇಳಿರುವುದೇನು, ನಿಯಮ ಏನು ಹೇಳುತ್ತದೆ, ಹಿಂದೆ ಇಂಥದ್ದಕ್ಕೆ ಏನು ಮಾಡಿದ್ದೆವು, ಈಗ ಏನು ಮಾಡಬಹುದು. ಅಲ್ಲಿಂದ ಅದು ಅಧೀಕ್ಷಕರಿಗೆ, ಆಮೇಲೆ ಸಾಹೇಬರಿಗೆ. ಸಾಹೇಬರು ಹಲವು ಸಲ ಬರೆಯುವುದು ಒಂದೇ ಪದ, ಕೆಳಗೊಂದು ಸಹಿ. ಆ ಒಂದು ಪದದ ಹಿಂದಿನ ವಿಚಾರವೆಲ್ಲ ಕೆಳಗಿನ ಮೇಜಿನಲ್ಲಿ ನಡೆದಿರುತ್ತದೆ.

ನನ್ನ ಮೊದಲ ಟಿಪ್ಪಣಿಯಲ್ಲಿ 'ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದಿದ್ದೆ. ಬಹಳ ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡಿದ್ದೆ. ಮೇಡಂ ಪೆನ್ಸಿಲ್ಲಿನಿಂದ ಮೂರು ಕಡೆ ಗೆರೆ ಎಳೆದರು. "ಸೂಕ್ತ ಅಂದ್ರೆ ಯಾವುದು? ಕೈಗೊಳ್ಳಲಾಗುವುದು ಅಂದ್ರೆ ಯಾರು ಕೈಗೊಳ್ತಾರೆ? ಯಾವತ್ತು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆಗ ಅವರು ಹೇಳಿದ್ದನ್ನು ನಾನು ಇಂದಿಗೂ ವರದಿ ಬರೆಯಲು ಕೂತಾಗ ನೆನೆಯುತ್ತೇನೆ: "ಕಡತ ಓದಿದವನು ಎದ್ದು ನಿನ್ನ ಹತ್ರ ಕೇಳೋಕೆ ಬರಬಾರದು. ನೀನು ವರ್ಗ ಆಗಿ ಹೋಗಿರ್ತೀಯ, ಇಲ್ಲ ಸತ್ತೇ ಹೋಗಿರ್ತೀಯ. ಓದೋನಿಗೆ ಎಲ್ಲಾ ಅದರಲ್ಲೇ ಸಿಗಬೇಕು."

ಈ ವೃತ್ತಿಯ ಬಗ್ಗೆ ನಾನು ಹೇಳಬೇಕಾದದ್ದೆಲ್ಲ ಆ ಮಾತಿನಲ್ಲಿದೆ. ಗುಮಾಸ್ತ ಬರೆಯುವುದು ತಾನು ನೋಡದ ಒಬ್ಬ ಮನುಷ್ಯನಿಗಾಗಿ. ಹತ್ತು ವರ್ಷ, ಇಪ್ಪತ್ತು ವರ್ಷದ ನಂತರ ಆ ಕುರ್ಚಿಯಲ್ಲಿ ಕೂರುವ ಯಾರೋ ಒಬ್ಬರಿಗೆ, ಅವರ ಎದುರು ಕೈಕಟ್ಟಿ ನಿಲ್ಲುವ ಇನ್ಯಾರೋ ಒಬ್ಬರ ಪರವಾಗಿ ಬರೆದಿಡುವ ಕಾಗದ ಅದು. 2005ರಲ್ಲಿ ಮಾಹಿತಿ ಹಕ್ಕು ಬಂದ ಮೇಲೆ ಆ ಓದುಗರ ಸಾಲಿಗೆ ಅರ್ಜಿದಾರರೂ ಸೇರಿದರು, ಟಿಪ್ಪಣಿ ಹಾಳೆಯ ನಕಲನ್ನೂ ಕೇಳಿ ಪಡೆಯಬಹುದಾಯಿತು. ಆಗ ಎಷ್ಟೋ ಕಚೇರಿಗಳಲ್ಲಿ ಗಾಬರಿ. ಮೇಡಂಗೆ ಏನೂ ಅನಿಸಲಿಲ್ಲ. ಅವರ ಟಿಪ್ಪಣಿ ಯಾರು ಓದಿದರೂ ಆಗುವಂಥದ್ದೇ ಆಗಿತ್ತು.

ಕಡತ ಎಂಬ ಪದದ ಮೇಲೆ ನನಗೆ ವಿಶೇಷ ಪ್ರೀತಿ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ವರ್ತಕರು, ಶಾನುಭೋಗರು, ಮಠದವರು ಲೆಕ್ಕಪತ್ರ ಇಡುತ್ತಿದ್ದದ್ದು ಬಟ್ಟೆಯ ಮೇಲೆ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಕಲಸಿ ಬಳಿದು ಒಣಗಿಸಿದರೆ ಅದು ಕರಿ ಹಲಗೆಯಂತೆ ಗಟ್ಟಿಯಾಗುತ್ತಿತ್ತು. ಬಳಪದಲ್ಲಿ ಬರೆದು, ಪದರ ಪದರವಾಗಿ ಮಡಚಿಟ್ಟರೆ ಅದೇ ಕಡತ. ಬೇಡವಾದದ್ದನ್ನು ಅಳಿಸಿ ಮತ್ತೆ ಬಳಿದು ಬರೆಯಬಹುದಿತ್ತು. ಶೃಂಗೇರಿ ಮಠದಲ್ಲಿ ಉಳಿದು ಬಂದ ಕಡತಗಳು ಇಂದು ಚರಿತ್ರೆ ಬರೆಯುವವರಿಗೆ ಆಕರ. ಬಟ್ಟೆ ಹೋಯಿತು, ಕಾಗದ ಬಂತು, ಈಗ ಕಾಗದವೂ ಹೋಗುತ್ತಿದೆ. ಹೆಸರು ಮಾತ್ರ ಹಾಗೇ ಉಳಿಯಿತು. ತಹಶೀಲ್ದಾರ, ಶಿರಸ್ತೇದಾರ, ದಫ್ತರ, ಜಮಾಬಂದಿ ಎಂದು ಪಾರಸಿ ಅರಬ್ಬಿಯ ಪದಗಳೇ ತುಂಬಿದ ಕಚೇರಿಯಲ್ಲಿ ಈ ಒಂದು ಪದ ಹುಣಸೆಬೀಜದ ವಾಸನೆ ಹೊತ್ತು ಕೂತಿದೆ.

ಅದಕ್ಕೂ ಹಿಂದೆ ಹೋದರೆ ಸೇನಬೋವ ಸಿಗುತ್ತಾನೆ, ಶಾನುಭೋಗ ಎಂಬ ಪದದ ಹಿರಿಯ. ನಮ್ಮ ಎಷ್ಟೋ ಶಾಸನಗಳ ಕೊನೆಯ ಸಾಲುಗಳಲ್ಲಿ ಈ ಶಾಸನವನ್ನು ಬರೆದ ಸೇನಬೋವ ಇಂಥವನು, ಕಲ್ಲಿನಲ್ಲಿ ಕಂಡರಿಸಿದವನು ಇಂಥವನು ಎಂದು ಹೆಸರು ಇರುತ್ತದೆ. ದಾನ ಕೊಟ್ಟ ಅರಸನ ಹೆಸರು ಮೇಲೆ, ಬರೆದವನ ಹೆಸರು ಕೆಳಗೆ, ಎರಡೂ ಒಂದೇ ಕಲ್ಲಿನಲ್ಲಿ. ಈಗಿನ ಸರ್ಕಾರಿ ಪತ್ರ ತೆಗೆದು ನೋಡಿ. ಕರಡು ಬರೆದವರ ಹೆಸರು ಎಲ್ಲಿಯೂ ಇಲ್ಲ. ಕಚೇರಿ ಪ್ರತಿಯ ಮೂಲೆಯಲ್ಲಿ ಒಂದು ಕಿರುಸಹಿ ಇದ್ದೀತು, ಅದು ನಮ್ಮ ಕೈಗೆ ಬರುವ ಪ್ರತಿಯಲ್ಲಿ ಇರುವುದಿಲ್ಲ. ಸಾವಿರ ವರ್ಷದ ಹಿಂದಿನ ಬರಹಗಾರನಿಗೆ ನಾವು ಕೊಟ್ಟಿದ್ದ ಒಂದು ಸಾಲನ್ನು ಕಿತ್ತುಕೊಂಡೆವು ಎಂದೇ ನನಗೆ ಅನಿಸುತ್ತದೆ.

ಇನ್ನು ಸೇವಾ ವಹಿಯ ಮಾತು. ತಾಲ್ಲೂಕಿನ ನೂರಾರು ಮೇಷ್ಟ್ರು, ಮೇಡಂಗಳ ಬದುಕು ನಮ್ಮ ಕಚೇರಿಯ ಎರಡು ಉಕ್ಕಿನ ಬೀರುವಿನಲ್ಲಿತ್ತು. ಮೊದಲ ಪುಟದಲ್ಲಿ ಹೆಸರು, ತಂದೆಯ ಹೆಸರು, ಜನ್ಮದಿನ ಅಂಕಿಯಲ್ಲೂ ಅಕ್ಷರದಲ್ಲೂ, ಎತ್ತರ, ಬೆರಳ ಗುರುತು, ಎಡಗೆನ್ನೆಯ ಮಚ್ಚೆ. ಅಲ್ಲಿಂದ ಮುಂದೆ ಒಂದು ಜೀವಮಾನ: ನೇಮಕ, ವಾರ್ಷಿಕ ಬಡ್ತಿ, ವರ್ಗಾವಣೆ, ಹೆರಿಗೆ ರಜೆ, ಕಾಯಿಲೆಯ ರಜೆ, ಯಾವುದೋ ಕಹಿ ಗಳಿಗೆಯ ಅಮಾನತು, ಅದರ ತೆರವು. ಪ್ರತಿ ನಮೂದಿನ ಮುಂದೆ ಅಧಿಕಾರಿಯ ದೃಢೀಕರಣ ಇರಬೇಕು. ಒಂದು ವರ್ಷದ ಸೇವೆಗೆ ಆ ಸಹಿ ಬೀಳದೆ ಹೋದರೆ ಅಂದು ಯಾರಿಗೂ ನೋವಾಗುವುದಿಲ್ಲ. ನೋವಾಗುವುದು ಮೂವತ್ತು ವರ್ಷದ ನಂತರ, ಪಿಂಚಣಿ ಪತ್ರಗಳು ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ಆಕ್ಷೇಪಣೆಯೊಂದಿಗೆ ವಾಪಸು ಬಂದಾಗ. ಅಷ್ಟರಲ್ಲಿ ಸಹಿ ಮಾಡಬೇಕಿದ್ದವರೂ ಇರುವುದಿಲ್ಲ.

ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಜೂನ್ 1 ಎಂದು ಬರೆದುಬಿಡುತ್ತಿದ್ದ ಕಾಲವೊಂದಿತ್ತು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಹಾಗಾಗಿ ಮೇ 31 ಎಂದರೆ ನಮ್ಮ ಕಚೇರಿಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿಗಳ ಜಾತ್ರೆ. ಆ ಜಾತ್ರೆಗೆ ಮೇಡಂ ಒಂದು ವರ್ಷ ಮೊದಲೇ ಸಿದ್ಧರಾಗುತ್ತಿದ್ದರು. ಹಿಂದಿನ ಬೇಸಿಗೆಯಲ್ಲೇ ಆ ಸೇವಾ ವಹಿಗಳನ್ನು ಬೇರೆ ಮಾಡಿ, ಒಂದೊಂದನ್ನೂ ಮೊದಲ ಪುಟದಿಂದ ಓದುತ್ತಿದ್ದರು. ಓದುತ್ತಿದ್ದರು ಎಂದೇ ಹೇಳಬೇಕು, ಕಾದಂಬರಿ ಓದಿದ ಹಾಗೆ. ಕಂದುಬಣ್ಣದ ಪುಟದ ಮೇಲೆ ಅಡ್ಡಪಟ್ಟಿ ಇಟ್ಟು, ಒಂದೊಂದೇ ಸಾಲು ಇಳಿಸುತ್ತ, ತಪ್ಪು ಕಂಡಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣ ಚುಕ್ಕೆ. ಒಮ್ಮೆ ಒಬ್ಬ ಮೇಷ್ಟ್ರ ವಹಿಯಲ್ಲಿ 1980ರ ದಶಕದ ಹನ್ನೊಂದು ದಿನಗಳು ಎಲ್ಲೂ ಸಿಗಲಿಲ್ಲ. ಒಂದು ಶಾಲೆಯಿಂದ ಬಿಡುಗಡೆ, ಇನ್ನೊಂದು ಶಾಲೆಗೆ ಹಾಜರು, ನಡುವೆ ಹನ್ನೊಂದು ದಿನ ಖಾಲಿ.

ಮೇಡಂ ಅಭಿಲೇಖಾಲಯದ ಬೀಗದ ಕೈ ತೆಗೆದುಕೊಂಡು ನನ್ನನ್ನೂ ಕರೆದರು. ರೆಕಾರ್ಡ್ ರೂಮ್ ಎಂದು ನಾವು ಕರೆಯುತ್ತಿದ್ದ ಆ ಕೋಣೆಗೆ ಕಿಟಕಿ ಒಂದೇ. ಕೆಂಪು ಬಟ್ಟೆಯ ಗಂಟುಗಳು ತಾರಸಿಯವರೆಗೆ. ಕಡತ ಮುಗಿದ ಮೇಲೆ ಅದಕ್ಕೊಂದು ವರ್ಗ ಕೊಡುತ್ತಾರೆ: ಎ ಎಂದರೆ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ ಒಂದೇ ವರ್ಷ. ಯಾವುದನ್ನು ಉಳಿಸಬೇಕು, ಯಾವುದನ್ನು ಕಾಲಕ್ಕೆ ಬಿಟ್ಟುಕೊಡಬೇಕು ಎಂಬ ಈ ತೀರ್ಮಾನ ಇತಿಹಾಸಕಾರರ ಕೈಗೆ ಬರುವ ಮೊದಲು ಗುಮಾಸ್ತರ ಕೈಯಲ್ಲಿ ಆಗಿಹೋಗಿರುತ್ತದೆ. ಅಂದು ನಾವು ಎರಡು ದಿನ ದೂಳು ಕುಡಿದೆವು. ಗೆದ್ದಲು ಅರ್ಧ ತಿಂದ ಒಂದು ಗಂಟಿನಲ್ಲಿ ಆ ವರ್ಷದ ವರ್ಗಾವಣೆ ಕಡತ ಸಿಕ್ಕಿತು. ಹೊಸ ಶಾಲೆಗೆ ಹೋಗಲು ಕೊಟ್ಟ ಸೇರುವಿಕೆಯ ಕಾಲ, ಅದಕ್ಕೆ ಹೊಂದಿದ ಭಾನುವಾರ, ಹಬ್ಬದ ರಜೆ ಎಲ್ಲ ಅದರಲ್ಲಿ ಬರೆದಿತ್ತು. ಸೇವಾ ವಹಿಗೆ ಏರಿಸುವುದೊಂದು ಮರೆತಿತ್ತು. ಮೇಡಂ ಆ ಹಾಳೆಯನ್ನು ಹಿಡಿದು ಬೆಳಕಿಗೆ ನಿಂತಾಗ ಅವರ ತಲೆಗೂದಲೆಲ್ಲ ದೂಳು. "ನೋಡು, ಇದನ್ನ ಬರೆದ ಪುಣ್ಯಾತ್ಮ ಯಾರೋ, ದಿನಾಂಕ ಒಂದೂ ಬಿಟ್ಟಿಲ್ಲ" ಎಂದು ಆ ಕಿರುಸಹಿಯನ್ನು ಬಹಳ ಹೊತ್ತು ನೋಡಿದರು. ಅದು ಯಾರ ಸಹಿ ಎಂದು ಹೇಳುವವರು ಕಚೇರಿಯಲ್ಲಿ ಯಾರೂ ಉಳಿದಿರಲಿಲ್ಲ.

ಆ ಮೇಷ್ಟ್ರಿಗೆ ಈ ಹನ್ನೊಂದು ದಿನದ ಸುದ್ದಿ ಕೊನೆಗೂ ಗೊತ್ತಾಗಲಿಲ್ಲ. ಹಾರ ಹಾಕಿಸಿಕೊಂಡು, ಮೈಸೂರುಪಾಕು ಹಂಚಿ, ಮನೆಗೆ ಹೋದರು. ಪಿಂಚಣಿ ಸರಿಯಾಗಿ ಬಂತು. ಈ ವೃತ್ತಿಯಲ್ಲಿ ಚೆನ್ನಾಗಿ ಆದ ಕೆಲಸ ಕಾಣುವುದೇ ಇಲ್ಲ, ಕೆಟ್ಟದ್ದಷ್ಟೇ ಕಾಣುತ್ತದೆ.

ನಮ್ಮ ಭಾಷೆಯೂ ಇವರಿಗೆ ಋಣಿ. 1963ರಲ್ಲಿ ರಾಜಭಾಷಾ ಅಧಿನಿಯಮ ಬಂದದ್ದು ಶಾಸನಸಭೆಯಲ್ಲಿ. ಆದರೆ ಕನ್ನಡ ನಿಜವಾಗಿ ಕಚೇರಿಯೊಳಗೆ ನಡೆದು ಬಂದದ್ದು ಬೆರಳಚ್ಚು ಯಂತ್ರದ ಮೇಲೆ. ಅನಂತ ಸುಬ್ಬರಾಯರು ಕನ್ನಡಕ್ಕೆಂದು ರೂಪಿಸಿದ ಆ ಕೀಲಿಮಣೆಯ ಮೇಲೆ ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವುದು ಸುಲಭದ ಕೆಲಸವಲ್ಲ. ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಬೆಳಗಿನ ಜಾವ ಕೂತು ಜೂನಿಯರ್, ಸೀನಿಯರ್ ಪಾಸು ಮಾಡಿದ ಹುಡುಗ ಹುಡುಗಿಯರು ಅದನ್ನು ಬೆರಳಿಗೆ ತಂದುಕೊಂಡರು. ಮೂರು ಕಾರ್ಬನ್ ಇಟ್ಟು ಹೊಡೆದ ಆದೇಶದ ಕೊನೆಯ ಸಾಲಿನಲ್ಲಿ ಒಂದಕ್ಷರ ತಪ್ಪಿದರೆ ಇಡೀ ಹಾಳೆ ಮತ್ತೆ. ಇಂಗ್ಲಿಷಿನಲ್ಲಿ ಮಾತ್ರ ಇದ್ದ ನಮೂನೆಗಳಿಗೆ ಅಡಕ, ಉಲ್ಲೇಖ, ಸುತ್ತೋಲೆ, ಜ್ಞಾಪನ, ನಡವಳಿ ಎಂಬ ಪದಗಳನ್ನು ದಿನದಿನ ಬಳಸಿ ಬಳಸಿ ಅವು ನಮ್ಮವೇ ಅನ್ನಿಸುವಂತೆ ಮಾಡಿದವರು ಇವರು. ಆ ಕನ್ನಡ ಒಣಗಿದ್ದು ಎನ್ನುವವರಿದ್ದಾರೆ, ಕೆಲವು ಕಡೆ ಅದು ನಿಜವೂ ಹೌದು. ಆದರೆ ಹಳ್ಳಿಯ ಮುದುಕಿಯೊಬ್ಬಳಿಗೆ ಬಂದ ನೋಟಿಸನ್ನು ಅವಳ ಮೊಮ್ಮಗ ಓದಿ ಹೇಳಬಹುದಾಯಿತಲ್ಲ, ಅದು ಇವರ ಕೆಲಸ. ಅಂದಹಾಗೆ, 1942ರಲ್ಲಿ 'ಮೈಸೂರು ಮಲ್ಲಿಗೆ' ಕೊಟ್ಟ ಕೆ.ಎಸ್. ನರಸಿಂಹಸ್ವಾಮಿಯವರೂ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವರೇ.

ನಾನು ಸೇರಿದಾಗ ನಮ್ಮ ಕಚೇರಿಗೆ ಒಂದು ಕಂಪ್ಯೂಟರ್ ಬಂದಿತ್ತು, ಹೂವಿನ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಐವತ್ತರ ಹತ್ತಿರದ ಬೆರಳಚ್ಚುಗಾರರೊಬ್ಬರು ಎರಡು ತಿಂಗಳು ಅದರ ಕಡೆ ನೋಡಲೇ ಇಲ್ಲ. ಇಪ್ಪತ್ತೈದು ವರ್ಷ ಬೆರಳಿಗೆ ಅಂಟಿದ ಅಕ್ಷರಗಳ ಜಾಗವೆಲ್ಲ ಬದಲಾಗಿತ್ತು. ನುಡಿ ತಂತ್ರಾಂಶದಲ್ಲಿ ಇದ್ದದ್ದು ಕೆ.ಪಿ. ರಾವ್ ಅವರ ವಿನ್ಯಾಸ. ಆಮೇಲೊಂದು ದಿನ ಅವರು ಊಟದ ಹೊತ್ತಿನಲ್ಲಿ ಒಬ್ಬರೇ ಕೂತು, ಒಂದೇ ಬೆರಳಿನಲ್ಲಿ ತಮ್ಮ ಮೊಮ್ಮಗಳ ಹೆಸರು ಹೊಡೆಯುತ್ತಿದ್ದದ್ದನ್ನು ಕಂಡೆ. ಆರು ತಿಂಗಳಲ್ಲಿ ಅವರಷ್ಟು ವೇಗ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

ರಾಜ್ಯದಲ್ಲಿ ಅದಾಗಲೇ ಭೂಮಿ ಯೋಜನೆ ನಡೆದಿತ್ತು. ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿ ಹೋಯಿತು. ಜಗತ್ತೆಲ್ಲ ಅದನ್ನು ಕೊಂಡಾಡಿತು, ಕೊಂಡಾಡಲೇಬೇಕಾದದ್ದು. ಆದರೆ ಗ್ರಾಮ ಲೆಕ್ಕಿಗರ ಕೈಬರಹದ ವಹಿಗಳನ್ನು ಮುಂದಿಟ್ಟುಕೊಂಡು ಸರ್ವೆ ನಂಬರು, ಎಕರೆ, ಗುಂಟೆ, ಖರಾಬು ಎಂದು ಒಂದೊಂದನ್ನೂ ಕುಟ್ಟಿದ, ತಾಳೆ ನೋಡಿದ ಬೆರಳುಗಳನ್ನು ಯಾರೂ ನೆನೆಯಲಿಲ್ಲ. 2012ರಲ್ಲಿ ಸಕಾಲ ಬಂತು. ಅರ್ಜಿಗೆ ಹದಿನೈದಂಕಿಯ ಸಂಖ್ಯೆ, ಇಷ್ಟು ದಿನದಲ್ಲಿ ಎಂಬ ಗಡುವು, ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ. ಜನರಿಗೆ ಒಳ್ಳೆಯದಾಯಿತು. ಕಾನೂನಿನಲ್ಲಿ ಹೊಣೆ ಅಧಿಕಾರಿಯದು, ಗಡುವಿನ ಹಿಂದಿನ ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದು ವಿಷಯ ನಿರ್ವಾಹಕರದು.

ಈಗಿನ ಕಚೇರಿಗೆ ಹೋದರೆ ಇನ್ನೊಂದು ಕಾಣುತ್ತದೆ. ಖಾಲಿ ಬಿದ್ದ ಹುದ್ದೆಗಳ ಜಾಗದಲ್ಲಿ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗಳು. ಹೆಚ್ಚಿನವರು ಪದವಿ ಮುಗಿಸಿದ ಹೆಣ್ಣುಮಕ್ಕಳು. ಮಾಡುವ ಕೆಲಸ ಅದೇ, ಕೂರುವ ಕೋಣೆ ಅದೇ. ಅವರಿಗೆ ಸೇವಾ ವಹಿ ಇಲ್ಲ. ಇಡೀ ತಾಲ್ಲೂಕಿನ ನೌಕರರ ರಜೆ, ಬಡ್ತಿ ಏರಿಸುವ ಹುಡುಗಿಗೆ ತನ್ನದೇ ಆದ ಒಂದು ಪುಟವಿಲ್ಲ. ಗುತ್ತಿಗೆದಾರ ಬದಲಾದರೆ ಅವಳ ಹತ್ತು ವರ್ಷದ ಅನುಭವ ಮತ್ತೆ ಮೊದಲ ದಿನದಿಂದ ಶುರು. ಕೆಲಸದ ಮೇಲೆ ಹೆಮ್ಮೆ ಪಡು ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೂ ಅವರಲ್ಲಿ ಎಷ್ಟೋ ಮಂದಿ ಹೆಮ್ಮೆಯಿಂದಲೇ ಕೆಲಸ ಮಾಡುವುದನ್ನು ನೋಡಿದ್ದೇನೆ, ಅದು ನನ್ನನ್ನು ಕಲಕುತ್ತದೆ. ಸರ್ಕಾರ ಇವರ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಂಡಿಲ್ಲ.

ಇಷ್ಟನ್ನು ಓದುವಾಗ ನಿಮ್ಮ ಮನಸ್ಸಿನಲ್ಲಿ ಒಂದು ಮಾತು ಎದ್ದಿರುತ್ತದೆ, ಅದನ್ನು ಬಿಟ್ಟು ಹೋದರೆ ನಾನು ಪ್ರಾಮಾಣಿಕನಾಗುವುದಿಲ್ಲ. ಕಡತ ತಾನಾಗಿ ನಡೆಯುವುದಿಲ್ಲ, ಕೈ ಬಿಸಿ ಮಾಡಿದರೆ ನಡೆಯುತ್ತದೆ ಎಂಬ ಅನುಭವ ಈ ರಾಜ್ಯದಲ್ಲಿ ಯಾರಿಗಿಲ್ಲ? ನನ್ನ ಅಪ್ಪ ಜಮೀನಿನ ಖಾತೆ ಬದಲಾವಣೆಗೆ ಅಲೆದ ದಿನಗಳನ್ನು ನಾನು ಮರೆತಿಲ್ಲ. ನಾಲ್ಕು ಸಲ 'ನಾಳೆ ಬನ್ನಿ' ಎಂದಿದ್ದರು, ಐದನೆಯ ಸಲ ಅಪ್ಪ ಟವೆಲ್ಲಿನ ಗಂಟು ಬಿಚ್ಚಿದ್ದರು. ಅಂಥವರು ಈ ವೃತ್ತಿಗೆ ಮಾಡಿದ ದ್ರೋಹ ದೊಡ್ಡದು. ನಾನು ಹೇಳುವುದು ಇಷ್ಟೇ: ಅದೇ ಕಚೇರಿಯಲ್ಲಿ, ಅದೇ ಸಂಬಳಕ್ಕೆ, ಪಕ್ಕದ ಮೇಜಿನಲ್ಲಿ ಕೈ ಚಾಚದೆ ಕೂತವರೂ ಇದ್ದರು. ಅವರಿಗೆ ಸಿಕ್ಕಿದ್ದು ಪಕ್ಕದವನ ಹೆಸರೇ. ಮೇಡಂ ತಮ್ಮ ಮೇಜಿನ ಡ್ರಾಯರ್ ಅನ್ನು ಯಾವಾಗಲೂ ಅರ್ಧ ತೆರೆದೇ ಇಡುತ್ತಿದ್ದರು. ಒಳಗೆ ಟ್ಯಾಗು, ಗುಂಡುಸೂಜಿ, ಒಂದು ಡಬ್ಬಿ ವಿಭೂತಿ. ಬಂದವರಿಗೆ ಕಾಣಲಿ ಎಂದೇ ತೆರೆದಿಡುತ್ತಿದ್ದರೆಂದು ನನಗೆ ತಡವಾಗಿ ಹೊಳೆಯಿತು.

ನಾನು ನೌಕರಿ ಬಿಟ್ಟು ಹದಿಮೂರು ವರ್ಷವಾದ ಮೇಲೆ ಅವರ ನಿವೃತ್ತಿಗೆ ಹೋದೆ. ಅಷ್ಟರಲ್ಲಿ ಅಧೀಕ್ಷಕಿಯಾಗಿದ್ದರು. ಸಭೆ ನಾಲ್ಕಕ್ಕೆ ಎಂದಿದ್ದರು, ಮೂರೂವರೆಗೆ ಅವರು ಇನ್ನೂ ಮೇಜಿನಲ್ಲೇ ಇದ್ದರು. ಪಕ್ಕದಲ್ಲಿ ಪ್ರಭಾರ ವಹಿಸಿಕೊಳ್ಳಬೇಕಿದ್ದ ತರುಣ, ಪರೀಕ್ಷೆ ಬರೆದು ಬಂದವನು. ಇಬ್ಬರ ನಡುವೆ ಪ್ರಭಾರ ಪಟ್ಟಿ. ಕ್ರಮಸಂಖ್ಯೆ, ಕಡತ ಸಂಖ್ಯೆ, ವಿಷಯ, ಯಾವ ಹಂತದಲ್ಲಿದೆ, ಕೊನೆಯಲ್ಲಿ ಷರಾ. ಬಹಳ ಕಡೆ ಷರಾ ಅಂಕಣದಲ್ಲಿ ಬಾಕಿ ಎಂದೋ, ಮುಂದುವರಿದಿದೆ ಎಂದೋ ಬರೆದು ಬಿಡುತ್ತಾರೆ, ಇಲ್ಲವೆ ಒಂದು ಅಡ್ಡಗೆರೆ. ಮೇಡಂ ಬೀರುವಿನ ಬೀಗದ ಕೈಗಳನ್ನು ಎಣಿಸಿ ಕೊಡುತ್ತಿದ್ದಾಗ ನಾನು ಆ ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಹದಿನಾಲ್ಕನೆಯದು ಒಂದು ಕುಟುಂಬ ಪಿಂಚಣಿಯ ಕಡತ, ತೀರಿಕೊಂಡ ಶಾಲಾ ಸಹಾಯಕರೊಬ್ಬರದು. ಷರಾ ಅಂಕಣದಲ್ಲಿ ಅವರ ಉರುಟು ಅಕ್ಷರ, ಜಾಗ ಸಾಲದೆ ಪಕ್ಕದ ಗೆರೆ ದಾಟಿ ಹೋಗಿತ್ತು: 'ಸೊಸೆ ಇರುವ ದಿನ ಹೋಗಬೇಕು, ಭಾನುವಾರ ಇರುತ್ತಾರೆ. ಅಮ್ಮನಿಗೆ ಕಣ್ಣು ಕಾಣಿಸದು. ಸಹಿಗೆ ಮೊದಲು ಪೂರ್ತಿ ಓದಿ ಹೇಳುವುದು.'

ಹೊರಗೆ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದರು. ಆ ತರುಣ ಸಾಲನ್ನು ಓದಿದ. ಮತ್ತೊಮ್ಮೆ ಓದಿದ. ಜೇಬಿನಿಂದ ಚಿಕ್ಕ ಡೈರಿ ತೆಗೆದು, ಬರುವ ಭಾನುವಾರದ ಪುಟ ಹುಡುಕಿ, ಊರಿನ ಹೆಸರು ಬರೆದುಕೊಂಡ. ಮೇಡಂನ ಏನೂ ಕೇಳಲಿಲ್ಲ.